ಹದಿನೈದು ಪೈಸೆ ಬಾಕಿ

2025ರ ಜುಲೈ 20, ಭಾನುವಾರ. ಬೆಳಿಗ್ಗೆ ಆರೂವರೆಗೆಲ್ಲ ಮಂಡ್ಯದಿಂದ ಅಕ್ಕನ ಫೋನು. "ನಿಮ್ಮ ಭಾವ ಎರಡು ದಿವ್ಸದಿಂದ ಸರಿಯಾಗಿ ಉಂಡಿಲ್ಲ ಕಣೋ. ಅದೇನೋ ಕಾಗದ ಬಂದದೆ, ಎಲ್ಲಾ ಇಂಗ್ಲಿಷಲ್ಲಿ. ಒಂಚೂರು ಬಂದು ನೋಡ್ಬುಟ್ಟು ಹೋಗು."

ಕಾಗದ ಅಂದಾಗಲೇ ಗೊತ್ತಾಯಿತು. ಆ ದಿನಗಳಲ್ಲಿ ರಾಜ್ಯದ ಯಾವ ಬೇಕರಿ, ಯಾವ ಟೀ ಅಂಗಡಿ ಮುಂದೆ ನಿಂತರೂ ಅದೇ ಮಾತು. ಯುಪಿಐಯಲ್ಲಿ ಬಂದ ದುಡ್ಡಿನ ಲೆಕ್ಕ ಹಿಡಿದು, 2021-22ರಿಂದ ಈಚಿನ ವರ್ಷಗಳಿಗೆ ಜಿಎಸ್‌ಟಿ ಕಟ್ಟಿ ಅಂತ ನೋಟಿಸು. ನಾನು ಮೈಸೂರಿನಲ್ಲಿ ಕಾಮರ್ಸ್ ಪಾಠ ಮಾಡುವವನು. ನಮ್ಮ ಮನೆಯವರ ಪ್ರಕಾರ ಕಾಮರ್ಸ್ ಮೇಷ್ಟ್ರಿಗೆ ತೆರಿಗೆಯ ಬಗ್ಗೆ ಗೊತ್ತಿಲ್ಲದ್ದು ಏನೂ ಇರುವುದಿಲ್ಲ.

ನಿಜ ಹೇಳಬೇಕೆಂದರೆ, ರೈಲು ಶ್ರೀರಂಗಪಟ್ಟಣ ದಾಟುವ ತನಕ ನನ್ನೊಳಗೆ ಒಂದು ಸಣ್ಣ ಸಂತೋಷವೂ ಇತ್ತು. ಸಂಬಳದವರ ಸಂತೋಷ ಅದು. ನಮ್ಮ ದುಡ್ಡು ಕೈಗೆ ಬರುವ ಮೊದಲೇ ಟಿಡಿಎಸ್ ಅಂತ ಹಿಡಿದುಕೊಂಡಿರುತ್ತಾರೆ. ಅಂಗಡಿಯವರು ಗಲ್ಲಾದಲ್ಲಿ ಎಣಿಸಿಕೊಂಡು ಕೂತಿರುತ್ತಾರಲ್ಲ, ಈಗ ಗೊತ್ತಾಗಲಿ ಅಂತ. ಪಾಂಡವಪುರ ಬರುವಾಗ ನನಗೇ ನಾಚಿಕೆಯಾಗಿ ಕಿಟಕಿಯಾಚೆ ಕಬ್ಬು ನೋಡುತ್ತ ಕೂತೆ.

ಭಾವನ ಅಂಗಡಿ ಎಂದರೆ ಹತ್ತಡಿ ಅಗಲದ ಕಾಂಡಿಮೆಂಟ್ಸು. ಹಾಲು, ಬ್ರೆಡ್ಡು, ಬಿಸ್ಕತ್ತು, ಚಿಪ್ಸು, ನಿಪ್ಪಟ್ಟಿನ ಡಬ್ಬ, ಮುಂದೊಂದು ಕಲ್ಲು ಬೆಂಚು. ಕ್ಯೂಆರ್ ಸ್ಟಿಕ್ಕರಿನ ಮೇಲೆ ಹಾಲಿನ ಕ್ರೇಟಿನ ರಟ್ಟು ಅಂಟಿಸಿ 'ಕ್ಯಾಶ್ ಮಾತ್ರ' ಅಂತ ಬರೆದಿದ್ದರು. ದುಡ್ಡು ಬಂತು, ದುಡ್ಡು ಬಂತು ಅಂತ ದಿನವಿಡೀ ಕೂಗುತ್ತಿದ್ದ ಆ ಪುಟ್ಟ ಪೆಟ್ಟಿಗೆ ವೈರು ಸುತ್ತಿಸಿಕೊಂಡು ಮೂಲೆಯಲ್ಲಿ ಬಿದ್ದಿತ್ತು.

"ಇದೇ ಕನಪ್ಪ ನನ್ ಮೇಲೆ ಚಾಡಿ ಹೇಳಿದ್ದು," ಅಂದರು ಭಾವ.

2023-24ಕ್ಕೆ ಖಾತೆಗೆ ಬಂದದ್ದು 52 ಲಕ್ಷ. ಅಷ್ಟಕ್ಕೂ ಶೇಕಡಾ 18ರಂತೆ 9 ಲಕ್ಷದ 36 ಸಾವಿರ, ಬಡ್ಡಿ ದಂಡ ಬೇರೆ. ಅಂಗಡಿಯ ಅಡ್ವಾನ್ಸು, ಫ್ರಿಜ್ಜು, ಒಳಗಿನ ಮಾಲು ಎಲ್ಲ ಮಾರಿದರೂ ಅಷ್ಟು ಹುಟ್ಟುವುದಿಲ್ಲ. ನಾವಿಬ್ಬರೂ ಬ್ಯಾಂಕ್ ಸ್ಟೇಟ್‌ಮೆಂಟಿನ ಪ್ರಿಂಟು ಹಾಕಿಕೊಂಡು ಬೆಂಚಿನ ಮೇಲೆ ಕೂತೆವು. ಪೆನ್ಸಿಲ್ ಹಿಡಿದು ಒಂದೊಂದು ಸಾಲಿಗೂ ಗುರುತು ಹಾಕಬೇಕಿತ್ತು. ಹಾಲು, ಬ್ರೆಡ್ಡು ಸುಮಾರು 22 ಲಕ್ಷ. ಅವಕ್ಕೆ ತೆರಿಗೆಯೇ ಇಲ್ಲ. ಅಕ್ಕನ ಚೀಟಿ ದುಡ್ಡು, ಮಗ ಬೆಂಗಳೂರಿನಿಂದ ಹಾಕಿದ್ದು, ಮತ್ತೆ "ಅಣ್ಣ, ಫೋನ್‌ಪೇ ಮಾಡ್ತೀನಿ, ಕ್ಯಾಶ್ ಕೊಡಿ" ಅಂತ ಎಟಿಎಮ್ಮಿಗೆ ಹೋಗಲು ಸೋಮಾರಿತನವಾದ ಬೀದಿಯವರೆಲ್ಲ ಹಾಕಿದ್ದು, ಎಲ್ಲ ಸೇರಿ 9 ಲಕ್ಷ. ಉಳಿದದ್ದು 21 ಲಕ್ಷ ತೆರಿಗೆಯ ಮಾಲು.

ಕೂಡಿ ಕಳೆದು ನೋಡಿದೆ. ನಿಜವಾದ ವ್ಯಾಪಾರ 43 ಲಕ್ಷ. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ, ಅದೂ 2019ರ ಏಪ್ರಿಲ್‌ನಿಂದ. ಹಾಲಿಗೆ ತೆರಿಗೆ ಇಲ್ಲದಿದ್ದರೂ, ಬಿಸ್ಕತ್ತಿನ ಜೊತೆ ಮಾರುವವನಿಗೆ ಮಿತಿಯ ಲೆಕ್ಕದಲ್ಲಿ ಹಾಲೂ ಸೇರುತ್ತದೆ. ಗಲ್ಲಾಕ್ಕೆ ಬಿದ್ದ ಕ್ಯಾಶು ಇನ್ನೂ ಲೆಕ್ಕಕ್ಕೇ ಬಂದಿಲ್ಲ.

"ಭಾವ, ಮಿತಿ ದಾಟಿದೆ."

"ಗೊತ್ತದೆ."

"ಮೊದಲೇ ಗೊತ್ತಿತ್ತಾ?"

ಅವರು ಬೀದಿ ಕಡೆ ನೋಡಿದರು. "ಬಿಸ್ಕತ್ ಏಜೆನ್ಸಿ ಹುಡ್ಗ ಹೇಳಿದ್ದ. ನಮ್ಮಂತೋರ್ನ ಯಾರ್ ನೋಡಾರು ಅಂದ್ಕಂಡೆ."

ನಮ್ಮಲ್ಲಿ ಯಾರೂ 'ತೆರಿಗೆ ಕದ್ದೆ' ಅನ್ನುವುದಿಲ್ಲ. 'ಟ್ಯಾಕ್ಸ್ ಉಳಿಸಿದೆ' ಅನ್ನುತ್ತೇವೆ. ತರಗತಿಯಲ್ಲಿ ನಾನು ತೆರಿಗೆ ಯೋಜನೆ, ತೆರಿಗೆ ತಪ್ಪಿಸುವಿಕೆ, ತೆರಿಗೆ ವಂಚನೆ ಅಂತ ಬೋರ್ಡಿನ ಮೇಲೆ ಮೂರು ಕಂಬ ಎಳೆದು ಪಾಠ ಮಾಡುತ್ತೇನೆ. ಪಿಪಿಎಫ್‌ನಲ್ಲಿ ಹಾಕಿದವನೂ, ಕಂಪನಿಯನ್ನು ಸಮುದ್ರದಾಚೆ ನೋಂದಾಯಿಸಿದವನೂ, ಸೈಟನ್ನು ಅರ್ಧ ಬೆಲೆಗೆ ರಿಜಿಸ್ಟರ್ ಮಾಡಿಸಿದವನೂ ಮನೆಗೆ ಬಂದು ಹೇಳುವುದು ಒಂದೇ ಮಾತು: ಉಳಿಸಿದೆ.

ಮಾತಿನ ನಡುವೆ ಸಕ್ಕರೆ ಕಾರ್ಖಾನೆಯಲ್ಲಿದ್ದು ನಿವೃತ್ತರಾದ ಹಿರಿಯರೊಬ್ಬರು ಬಂದು ಕೂತರು. ದಿನಾ ಅಲ್ಲೇ ಪೇಪರ್ ಓದುವವರು. "ಕೋಟಿಗಟ್ಟಲೆ ನುಂಗೋರ್ನ ಬುಡ್ತರೆ, ನಿಪ್ಪಟ್ ಮಾರೋನ್ನ ಹಿಡೀತರೆ," ಅಂದರು. ನನಗೆ ಮೇಷ್ಟ್ರತನ ತಡೆಯಲಾಗಲಿಲ್ಲ. ಬಿಟ್ಟಿಲ್ಲ, ಹಿಡಿಯಲು ಹೋಗಿ ಏನಾಯಿತು ಕೇಳಿ ಅಂತ ವೊಡಾಫೋನ್ ಕಥೆ ಹೇಳಿದೆ. 2007ರಲ್ಲಿ ಅವರು ಇಲ್ಲಿನ ಹಚ್ ಫೋನ್ ವ್ಯವಹಾರ ಕೊಂಡರು. ಆದರೆ ಕೈಬದಲಾದದ್ದು ಕೇಮನ್ ದ್ವೀಪದ ಕಂಪನಿಯೊಂದರ ಷೇರು. ತೆರಿಗೆ ಇಲಾಖೆಯವರು ವೊಡಾಫೋನನ್ನು ಸುಮಾರು 11,000 ಕೋಟಿ ತೆರಿಗೆ ಕೇಳಿದರು. 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಇದ್ದ ಕಾನೂನಿನ ಪ್ರಕಾರ ಕೊಡಬೇಕಿಲ್ಲ ಅಂದಿತು. ಎರಡೇ ತಿಂಗಳಿಗೆ ಆಗಿನ ಹಣಕಾಸು ಮಂತ್ರಿ ಪ್ರಣಬ್ ಮುಖರ್ಜಿ ಬಜೆಟ್ಟಿನಲ್ಲಿ ಕಾನೂನನ್ನೇ ತಿದ್ದಿ, ಇದು 1962ರಿಂದಲೂ ಹೀಗೇ ಇತ್ತು ಅಂತ ಬರೆದುಬಿಟ್ಟರು.

ಹಿರಿಯರು ಕನ್ನಡಕ ತೆಗೆದರು. "ಅಂದ್ರೆ ಕಬಡ್ಡಿಲಿ ಮುಟ್ಟುಸ್ಕಳ್ದೆ ವಾಪಸ್ ಬಂದೋನ್ಗೆ, ಗೆರೆಯ ಹಿಂದುಕ್ ಜರುಗಿಸ್ಬುಟ್ಟು ನೀನು ಔಟು ಅಂದಂಗಾಯ್ತು."

ಇಷ್ಟು ವರ್ಷ ಪಾಠ ಮಾಡಿದರೂ ನನಗೆ ಹೊಳೆಯದಿದ್ದ ಹೋಲಿಕೆ. ಇಂದು ಅಪರಾಧ ಅಂತ ಕಾನೂನು ಮಾಡಿ, ನಿನ್ನೆ ಮಾಡಿದ್ದಕ್ಕೆ ಜೈಲಿಗೆ ಹಾಕುವಂತಿಲ್ಲ. ಸಂವಿಧಾನದ 20ನೇ ವಿಧಿ ಅಡ್ಡ ಬರುತ್ತದೆ. ತೆರಿಗೆಗೆ ಆ ಅಡ್ಡ ಇಲ್ಲ. ಕೊನೆಗೆ 2021ರ ಆಗಸ್ಟಿನಲ್ಲಿ ಸರ್ಕಾರವೇ ಆ ತಿದ್ದುಪಡಿಯ ಹಿಂದಿನ ಬಾಕಿಗಳನ್ನು ಕೈಬಿಟ್ಟು, ವಸೂಲಿ ಮಾಡಿದ್ದನ್ನು ಬಡ್ಡಿಯಿಲ್ಲದೆ ವಾಪಸ್ ಕೊಡುವ ಕಾನೂನು ಮಾಡಿತು. ಅಷ್ಟರಲ್ಲಿ ಅಂತರರಾಷ್ಟ್ರೀಯ ಪಂಚಾಯ್ತಿಗಳಲ್ಲಿ ಸೋತಾಗಿತ್ತು.

"ನಂದೂ ಅದೇ ಅಲ್ವಾ?" ಅಂದರು ಭಾವ, ಆಸೆಯಿಂದ.

ಅಲ್ಲ. ಅವರ ವಿಷಯದಲ್ಲಿ ಯಾರೂ ಗೆರೆ ಜರುಗಿಸಿರಲಿಲ್ಲ. ಗೆರೆ ಅಲ್ಲೇ ಇತ್ತು, ಇಷ್ಟು ವರ್ಷ ರೆಫ್ರಿ ಇರಲಿಲ್ಲ. ಹಾಗಂತ ಮಾತು ಬಾಯಿಗೆ ಬಂತು. ಆದರೆ ನೋಟಿಸಿನ ಲೆಕ್ಕ ನೋಡಿದರೆ ಅದೂ ಪೂರ್ತಿ ಸರಿಯಲ್ಲ ಅನ್ನಿಸಿತು. ಡಬ್ಬದಿಂದ ಹತ್ತು ರೂಪಾಯಿಯ ಬಿಸ್ಕತ್ ಪೊಟ್ಟಣ ತೆಗೆದೆ. ಬೆಲೆಯ ಪಕ್ಕ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ಎಲ್ಲ ತೆರಿಗೆ ಸೇರಿ, ಅಂತಿದೆ. ಆಗ ಬಿಸ್ಕತ್ತಿಗೆ ಶೇಕಡಾ 18 (ಸೆಪ್ಟೆಂಬರ್ 22ರಿಂದ 5ಕ್ಕೆ ಇಳಿಯಿತು, ಅದು ಬೇರೆ ಮಾತು). ಹತ್ತು ರೂಪಾಯಿಯೊಳಗೆ ತೆರಿಗೆ ಒಂದು ರೂಪಾಯಿ 52 ಪೈಸೆ. ಭಾವ ಇದನ್ನು ಏಜೆನ್ಸಿಯಿಂದ ಒಂಬತ್ತು ರೂಪಾಯಿಗೆ ತಂದಾಗಲೇ ಅದರಲ್ಲಿ ಒಂದು ರೂಪಾಯಿ 37 ಪೈಸೆ ತೆರಿಗೆ ಕಟ್ಟಿಯಾಗಿದೆ. ಸರ್ಕಾರಕ್ಕೆ ಸೇರಬೇಕಾಗಿ ಭಾವನ ಗಲ್ಲಾದಲ್ಲಿ ಉಳಿದದ್ದು 15 ಪೈಸೆ.

ನೋಟಿಸು ಕೇಳುತ್ತಿದ್ದದ್ದು ಒಂದು ರೂಪಾಯಿ 80 ಪೈಸೆ. ನೋಂದಣಿ ಇಲ್ಲದವನಿಗೆ ಕೊಂಡ ಮಾಲಿನ ತೆರಿಗೆ ಕಳೆಯುವ ಹಕ್ಕಿಲ್ಲ. ಆ ಪೊಟ್ಟಣದಲ್ಲಿ ಅವರಿಗೆ ಸಿಕ್ಕ ಲಾಭವೇ ಒಂದು ರೂಪಾಯಿ. ಅಂದೇ ನೋಂದಣಿ ಮಾಡಿಸಿ, ಸಣ್ಣ ವ್ಯಾಪಾರಿಗಳಿಗೆಂದೇ ಇರುವ ಕಾಂಪೋಸಿಷನ್ ಸ್ಕೀಮಿಗೆ ಸೇರಿದ್ದರೆ ತೆರಿಗೆಯ ಮಾಲಿನ ಮೇಲೆ ಶೇಕಡಾ ಒಂದು, ವರ್ಷಕ್ಕೆ 21,000ದಲ್ಲಿ ಮುಗಿಯುತ್ತಿತ್ತು. ಆ ದಾರಿ ಹಿಂದಿನ ವರ್ಷಗಳಿಗೆ ಮುಚ್ಚಿಹೋಗಿದೆ. ನನಗೆ ಅನ್ಯಾಯ ಅನ್ನಿಸಿದ್ದು ಇಲ್ಲಿ. ಹದಿನೈದು ಪೈಸೆ ಬಾಕಿ ಇಟ್ಟುಕೊಂಡವನು ತಪ್ಪಿತಸ್ಥನೇ ಸರಿ. ಮೊದಲ ವರ್ಷವೇ ಒಂದು ಕಾಗದ ಬಂದಿದ್ದರೆ ಎಚ್ಚರವಾಗುತ್ತಿದ್ದ. ವರ್ಷಗಟ್ಟಲೆ ಸುಮ್ಮನಿದ್ದು, ಒಟ್ಟಿಗೆ ಬಂದು ಕತ್ತಿನ ಪಟ್ಟಿ ಹಿಡಿದರೆ?

ನಾಲ್ಕನೇ ದಿನಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳನ್ನು ಕರೆಸಿ, ನೋಂದಣಿ ಮಾಡಿಕೊಳ್ಳಿ, ಹಳೇ ಬಾಕಿ ವಸೂಲಿ ಮಾಡುವುದಿಲ್ಲ ಎಂದರು. ಅಕ್ಕ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಆದರೆ ಎದುರು ಸಾಲಿನಲ್ಲಿ ಸ್ಟೇಷನರಿ ಅಂಗಡಿಯವರೊಬ್ಬರಿದ್ದಾರೆ. 2019ರಲ್ಲೇ ನೋಂದಣಿ ಮಾಡಿಸಿ ಮೂರು ತಿಂಗಳಿಗೊಮ್ಮೆ ಕಟ್ಟುತ್ತ ಬಂದವರು. "ನಾನ್ ಕಟ್ಟಿದ್ನೂ ವಾಪಸ್ ಕೊಡ್ತಾರಾ ಸಾರ್?" ಅಂತ ಅವರು ಆಮೇಲೊಮ್ಮೆ ನನ್ನನ್ನು ಕೇಳಿದರು. ನಗುತ್ತಲೇ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆದರೆ ಆ ಭಾನುವಾರ ನಮಗೆ ಇದೊಂದೂ ಗೊತ್ತಿರಲಿಲ್ಲ. ಮಧ್ಯಾಹ್ನ ಮುದ್ದೆ ಉಂಡು ಮತ್ತೆ ಕೂತೆವು. ಲೆಕ್ಕ ಬರೆಯುವವರು ಹೇಳಿ ಕಳಿಸಿದ್ದರು: ವ್ಯಾಪಾರ ಅಲ್ಲದ ದೊಡ್ಡ ಮೊತ್ತಕ್ಕೆಲ್ಲ ಕಾರಣ ಬರೀರಿ, ಹಾಕಿದವರಿಂದ ಒಂದು ದೃಢೀಕರಣದ ಕಾಗದ ತಗೊಳ್ಳಿ. ಭಾವ ಬೆರಳಿಟ್ಟು ಓದುತ್ತ ಹೋದರು, ನಾನು ಗುರುತು ಹಾಕುತ್ತ ಹೋದೆ. 2023ರ ನವೆಂಬರ್ ಪುಟಕ್ಕೆ ಬಂದಾಗ ಬೆರಳು ನಿಂತಿತು.

"ಇದು ನಿಂದು."

ನನ್ನದೇ. ಇಪ್ಪತ್ತು ಸಾವಿರದಂತೆ ಐದು ಸಲ. ಆ ವರ್ಷ ಮೈಸೂರಿನ ಮನೆಯ ಬಾತ್‌ರೂಮಿಗೆ, ಅಡುಗೆಮನೆಗೆ ಟೈಲ್ಸ್ ಹಾಕಿಸಿದ್ದೆ. ಬಿಲ್ ಬೇಕಾದರೆ ಶೇಕಡಾ 18 ಮೇಲೆ ಆಗುತ್ತೆ, ಬೇಡವಾದರೆ ಕ್ಯಾಶ್ ಕೊಡಿ ಅಂದಿದ್ದರು ಅಂಗಡಿಯಲ್ಲಿ. ಲಕ್ಷಕ್ಕೆ ಹದಿನೆಂಟು ಸಾವಿರ. ಬ್ಯಾಂಕಿನಿಂದ ತೆಗೆಯುವುದು ಬೇಡ ಅಂತ, ಅಕ್ಕನ ಮನೆಗೆ ಬಂದಾಗಲೆಲ್ಲ ಭಾವನಿಗೆ ಫೋನ್‌ಪೇ ಮಾಡಿ ಗಲ್ಲಾದ ನೋಟು ಎಣಿಸಿಕೊಂಡು ಹೋಗುತ್ತಿದ್ದೆ. ನಾನು ಉಳಿಸಿದ ತೆರಿಗೆ ಭಾವನ ವ್ಯಾಪಾರದ ಲೆಕ್ಕದಲ್ಲಿ ಹೋಗಿ ಕೂತಿತ್ತು, ಅದರ ಮೇಲೊಂದು ಹದಿನೆಂಟು ಪರ್ಸೆಂಟು.

ಭಾವ ಏನೂ ಕೇಳಲಿಲ್ಲ. ಅವರಿಗೆ ಎಲ್ಲ ಗೊತ್ತಿತ್ತು, ಟೈಲ್ಸಿನ ಬಣ್ಣವೂ.

"ಏನಂತ ಬರ್ಯಾದು?" ಅಂದರು. "ನೀನೇ ಬರಿ, ಮೇಷ್ಟ್ರು ನೀನು."

ಐದು ಸಾಲಿನ ಮುಂದೆಯೂ 'ಕೈಗಡ' ಅಂತ ಬರೆದೆ. ಐದನೆಯದರಲ್ಲಿ ಪೆನ್ಸಿಲ್ ಮುರಿಯಿತು. ಡಬ್ಬದ ಹಿಂದಿನಿಂದ ಇನ್ನೊಂದು ತೆಗೆದುಕೊಟ್ಟರು.