ಸೊಂಟ ಎಳೆಯುವ ಮೇಜಿಗೆ ಮುಂಗಡ ಕಟ್ಟುವ ಮುನ್ನ

ಬೆನ್ನುನೋವಿಗೆ ಶಸ್ತ್ರಚಿಕಿತ್ಸೆ ಬೇಕಾಗಬಹುದು ಎಂಬ ಮಾತು ಕಿವಿಗೆ ಬಿದ್ದೊಡನೆ ಮನೆಮಂದಿಯೆಲ್ಲ ಬೇರೆ ದಾರಿ ಹುಡುಕತೊಡಗುವುದು ಸಹಜ. ಬೆಂಗಳೂರಿನಲ್ಲಿ ಹಾಗೆ ಹುಡುಕುವವರಿಗೆ ಈಗ ಬೇಗನೆ ಎದುರಾಗುವ ಹೆಸರು ಸ್ಪೈನಲ್ ಡಿಕಂಪ್ರೆಷನ್, ಅಂದರೆ ಕೊಯ್ಯದೆ ಯಂತ್ರದ ಮೇಜಿನ ಮೇಲೆ ಮಲಗಿಸಿ ಬೆನ್ನೆಲುಬನ್ನು ಎಳೆಯುವ ಚಿಕಿತ್ಸೆ. ನನ್ನ ಅಕ್ಕನಿಗೆ ಸೊಂಟದಿಂದ ಎಡಗಾಲಿನ ಹಿಂಬದಿಗೆ ಸೆಳೆತ ಇಳಿಯತೊಡಗಿ, ಎಂಆರ್‌ಐ ವರದಿಯಲ್ಲಿ ಎಲ್4–ಎಲ್5, ಅಂದರೆ ಸೊಂಟದ ನಾಲ್ಕನೆಯ ಮತ್ತು ಐದನೆಯ ಕಶೇರುಗಳ (ಬೆನ್ನೆಲುಬಿನ ಮಣಿಗಳ) ನಡುವಿನ ಮೆತ್ತೆಯಂಥ ಡಿಸ್ಕ್ ಉಬ್ಬಿದೆ ಎಂದು ಬಂದಾಗ, ಈ ಚಿಕಿತ್ಸೆಯನ್ನು ಹತ್ತಿರದಿಂದ ನೋಡುವ ಅವಕಾಶ ನನಗೂ ಒದಗಿತು.

ರೋಗಿಯ ಪಕ್ಕೆಲುಬುಗಳ ಕೆಳಭಾಗಕ್ಕೆ ಒಂದು, ಸೊಂಟಕ್ಕೆ ಒಂದು ಅಗಲವಾದ ಪಟ್ಟಿಯನ್ನು ಬಿಗಿದು, ಮೇಲಿನದನ್ನು ಮೇಜಿಗೆ ಭದ್ರಪಡಿಸಿ, ಕೆಳಗಿನದನ್ನು ಮೋಟಾರಿಗೆ ಜೋಡಿಸುತ್ತಾರೆ. ಮೇಜಿನ ಕೆಳ ಅರ್ಧ ನಿಧಾನವಾಗಿ ಹಿಂದಕ್ಕೆ ಸರಿಯುತ್ತದೆ. ಎಳೆತ ಹಂತಹಂತವಾಗಿ ಏರಿ, ಸ್ವಲ್ಪ ಹೊತ್ತು ನಿಂತು, ಸಡಿಲಗೊಂಡು ಮತ್ತೆ ಏರುತ್ತದೆ. ಒಂದು ಸಲಕ್ಕೆ ಅರ್ಧದಿಂದ ಮುಕ್ಕಾಲು ಗಂಟೆ ಹಿಡಿಯುತ್ತದೆ, ಸಾಮಾನ್ಯವಾಗಿ 20 ಅಥವಾ ಅದಕ್ಕಿಂತ ಹೆಚ್ಚು ಸಲ ಬರಬೇಕೆನ್ನುತ್ತಾರೆ. ಕುತ್ತಿಗೆ ನೋವಿನವರಿಗೆ ತಲೆಯ ಹಿಂಬದಿಗೆ ಆಧಾರ ಕೊಟ್ಟು ಇದೇ ರೀತಿ ಎಳೆಯುತ್ತಾರೆ.

ಇದರ ಹಿಂದಿನ ವಾದ ಕೇಳಲು ಸರಳವಾಗಿದೆ. ಡಿಸ್ಕಿನ ಹೊರಗೆ ಗಟ್ಟಿಯಾದ ನಾರಿನ ಬಳೆ, ಒಳಗೆ ಲೋಳೆಯಂಥ ತಿರುಳು. ಕಶೇರುಗಳನ್ನು ದೂರ ಸರಿಸಿದರೆ ಒಳಗಿನ ಒತ್ತಡ ಇಳಿದು, ಹೊರಚಾಚಿದ ತಿರುಳು ಒಳಕ್ಕೆ ಸೆಳೆಯಲ್ಪಡುತ್ತದೆ ಎಂಬುದು ಆ ವಾದ. ಎಳೆಯುವಾಗ ಒತ್ತಡ ಇಳಿಯುವುದನ್ನು 1994ರಲ್ಲಿ ಬೆರಳೆಣಿಕೆಯ ರೋಗಿಗಳಲ್ಲಿ ಅಳೆದು ತೋರಿಸಿದ್ದೂ ಉಂಟು. ಆದರೆ ಮೇಜಿನಿಂದ ಎದ್ದು ನಿಂತ ಕೂಡಲೇ ಮೈಯ ಭಾರವೆಲ್ಲ ಮತ್ತೆ ಅದೇ ಡಿಸ್ಕಿನ ಮೇಲೆ ಬೀಳುತ್ತದೆ. ಎಳೆತದ ವೇಳೆಯ ಅಳತೆಯೊಂದನ್ನೇ ಹಿಡಿದು ಡಿಸ್ಕ್ ಗುಣವಾಯಿತೆಂದು ಹೇಳಲು ಬರುವುದಿಲ್ಲ.

ನನ್ನ ಅಭಿಪ್ರಾಯವನ್ನು ಗಟ್ಟಿಗೊಳಿಸಿದ್ದು 2009ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಒಂದು ಅಧ್ಯಯನ. ದೀರ್ಘಕಾಲದ ಸೊಂಟನೋವಿದ್ದ 60 ಜನರನ್ನು ಎರಡು ಗುಂಪು ಮಾಡಿ, ಇಂಥದೇ ಯಂತ್ರದ ಮೇಲೆ ಮಲಗಿಸಿ, ಒಂದು ಗುಂಪಿಗೆ ನಿಜವಾದ ಎಳೆತವನ್ನೂ ಇನ್ನೊಂದಕ್ಕೆ ತೋರಿಕೆಯ ಅಲ್ಪ ಎಳೆತವನ್ನೂ ಕೊಟ್ಟರು. ಎರಡೂ ಗುಂಪುಗಳಲ್ಲಿ ನೋವು ಕಡಿಮೆಯಾಯಿತು. ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಚಿಕಿತ್ಸೆ ಪಡೆದು ಆರಾಮವಾಯಿತು ಎನ್ನುವವರ ಮಾತು ಸುಳ್ಳಲ್ಲ, ಆದರೆ ಆ ಆರಾಮಕ್ಕೆ ಎಳೆತವೇ ಕಾರಣವೆಂಬುದು ಅದರಿಂದ ಸಿದ್ಧವಾಗುವುದಿಲ್ಲ. ಬೇರೆ ಬೇರೆ ಬಗೆಯ ಟ್ರ್ಯಾಕ್ಷನ್ (ಎಳೆತದ ಚಿಕಿತ್ಸೆ) ಕುರಿತ 32 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ, ವೈದ್ಯಕೀಯ ಸಂಶೋಧನೆಗಳನ್ನು ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2013ರ ವಿಮರ್ಶೆಗೂ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ದೀರ್ಘಕಾಲದ ಸೊಂಟನೋವಿಗೆ ಟ್ರ್ಯಾಕ್ಷನ್ ಬೇಡವೆಂದೇ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸೂಚಿಸಿದೆ.

ಹಾಗಾದರೆ ನೋವು ಇಳಿಯುವುದು ಹೇಗೆ? ಹೊರಚಾಚಿದ ಡಿಸ್ಕಿನ ತುಣುಕನ್ನು ದೇಹವೇ ಎಷ್ಟೋ ಸಲ ನಿಧಾನವಾಗಿ ಕರಗಿಸಿಕೊಳ್ಳುತ್ತದೆ, ಮತ್ತು ಕಾಲಿಗಿಳಿಯುವ ನೋವು ಬಹುಮಂದಿಗೆ ಕೆಲವು ವಾರಗಳಿಂದ ಕೆಲವು ತಿಂಗಳೊಳಗೆ ತಗ್ಗುತ್ತದೆ. ಯಂತ್ರದ ಚಿಕಿತ್ಸೆ ನಡೆಯುವುದೂ ಹೆಚ್ಚುಕಡಿಮೆ ಅದೇ ಅವಧಿಯಲ್ಲಿ. ಅಲ್ಲದೆ, ನೋವೇ ಇಲ್ಲದ ಎಪ್ಪತ್ತು ಎಂಬತ್ತರ ಬಹುಪಾಲು ಜನರ ಎಂಆರ್‌ಐನಲ್ಲೂ ಡಿಸ್ಕ್ ಉಬ್ಬಿರುತ್ತದೆ. ಆದ್ದರಿಂದ ಚಿತ್ರವನ್ನಷ್ಟೇ ತೋರಿಸಿ ಹೆದರಿಸುವವರ ಮಾತಿಗೆ ಅವಸರದಿಂದ ತಲೆಯಾಡಿಸಬೇಕಿಲ್ಲ.

ಅಕ್ಕ ಈ ಚಿಕಿತ್ಸೆಗೆ ಮುಂಗಡ ಕಟ್ಟಲಿಲ್ಲ. ಮೂಳೆ ವೈದ್ಯರು ಬರೆದುಕೊಟ್ಟ ಮಾತ್ರೆ, ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ವ್ಯಾಯಾಮ, ದಿನವೂ ತುಸು ದೂರದ ನಡಿಗೆ, ಇಷ್ಟನ್ನು ಬಿಡದೆ ನಡೆಸಿದಳು. ಮೇಜಿನ ಮೇಲೆ ಮಲಗಲೇಬೇಕೆನ್ನುವವರು ತಮ್ಮ ಮೂಳೆ ಟೊಳ್ಳಾಗುವ ಸವೆತ (ಆಸ್ಟಿಯೋಪೊರೋಸಿಸ್), ಹಳೆಯ ಮುರಿತ, ಗಡ್ಡೆ, ಸೋಂಕು, ಬೆನ್ನಿನಲ್ಲಿರುವ ಲೋಹದ ತಿರುಪು, ಗರ್ಭಧಾರಣೆ ಇವುಗಳ ಬಗ್ಗೆ ಮೊದಲೇ ವೈದ್ಯರಿಗೆ ತಿಳಿಸಬೇಕು. ಇವುಗಳಿದ್ದಲ್ಲಿ ಎಳೆತ ಅಪಾಯಕಾರಿಯಾಗಬಹುದು. ಹಣವನ್ನು ಒಟ್ಟಿಗೇ ಕಟ್ಟಬೇಕೇ, ನಡುವೆ ಬಿಟ್ಟರೆ ಹಿಂದಿರುಗಿಸುತ್ತಾರೆಯೇ ಎಂದು ಕೇಳಿ ಬರವಣಿಗೆಯಲ್ಲಿ ಪಡೆಯಬೇಕು. ಇನ್ನು ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ಮೂತ್ರ ಕಟ್ಟಿದರೆ, ತೊಡೆಸಂದಿಯ ಸುತ್ತ ಜೋಮು ಹಿಡಿದರೆ, ಪಾದ ಎತ್ತಲಾಗದಷ್ಟು ಬಲ ಕುಂದಿದರೆ ಯಾವ ಚಿಕಿತ್ಸಾಕೇಂದ್ರದ ಸರದಿಗೂ ಕಾಯದೆ ಅಂದೇ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.