ಕನ್ನಡಕ ಕೊಡೋಕೆ ನಾಲ್ಕು ವರ್ಷ ಓದ್ಬೇಕಾ?

ಸೋಮವಾರ ಅಪ್ಪ-ಮಗಳು ಬಂದಿದ್ದರು. ಮಗಳದು ಸೆಕೆಂಡ್ ಪಿಯುಸಿ ಮುಗಿದಿದೆ, ಎಂಬಿಬಿಎಸ್ ಸೀಟು ಸಿಗುವಷ್ಟು ನೀಟ್ ಅಂಕ ಬಂದಿಲ್ಲ, ನನ್ನ ಹಾಗೆ ಆಪ್ಟೋಮೆಟ್ರಿ, ಅಂದರೆ ದೃಷ್ಟಿ ಪರೀಕ್ಷಿಸಿ ಕನ್ನಡಕದ ನಂಬರ್ ಕೊಡುವ ಕೋರ್ಸ್, ಓದುತ್ತೇನೆ ಅನ್ನುತ್ತಾಳೆ. ಅಪ್ಪ ನೇರವಾಗಿ ಕೇಳಿದರು: "ಅಲ್ಲ ಮೇಡಂ, ಕನ್ನಡಕ ಕೊಡೋಕೆ ನಾಲ್ಕು ವರ್ಷ ಓದ್ಬೇಕಾ? ಹಾಸನದಲ್ಲಿ ಎಲ್ಲಿ ನೋಡಿದ್ರೂ ಕಂಪ್ಯೂಟರ್‌ನಲ್ಲೇ ನಂಬರ್ ತೆಗೀತಾರಲ್ಲ!"

ಒಳ್ಳೆಯ ಮನುಷ್ಯ. ಸಾಲ ಮಾಡಿ ಓದಿಸುವವರು ಕೇಳಲೇಬೇಕಾದ ಮಾತು. ಆದರೆ ಜೊತೆಗಿದ್ದ ಅವರ ಭಾವಮೈದ "ಹೆಣ್ಮಕ್ಕಳಿಗೆ ಪರವಾಗಿಲ್ಲ ಬಿಡಿ, ಕೂತು ಮಾಡೋ ಕೆಲಸ" ಅಂದದ್ದು ನನಗೆ ಒಂಚೂರೂ ಹಿಡಿಸಲಿಲ್ಲ. ಹೊರಗೆ ಜನ ಕಾಯುತ್ತಿದ್ದರು, ಉತ್ತರ ಅರ್ಧಕ್ಕೇ ನಿಂತಿತು.

ಬುಧವಾರ ಆಲೂರು ಕಡೆಯಿಂದ ಆರು ವರ್ಷದ ಹುಡುಗನನ್ನು ಅಜ್ಜಿ ಕರೆತಂದರು. ಎಡಗಣ್ಣು ಮುಚ್ಚಿದರೆ ಚಾರ್ಟ್‌ನ ಕೊನೇ ಸಾಲಿನವರೆಗೂ ಓದಿದ. ಬಲಗಣ್ಣು ಮುಚ್ಚಿದೆ ನೋಡಿ, ನನ್ನ ಕೈಯನ್ನೇ ತಳ್ಳಿಬಿಟ್ಟ. ಮತ್ತೆ ಮುಚ್ಚಿದೆ, ಮತ್ತೆ ತಳ್ಳಿದ. "ಸುಮ್ನೆ ಕೂತ್ಕಳ್ಳೋ" ಅಂತ ಅಜ್ಜಿ ಗದರಿದರು. ಅದು ತುಂಟತನವಲ್ಲ, ಕಾಣುವ ಕಣ್ಣನ್ನು ಮುಚ್ಚಿದರೆ ಮಗು ಇನ್ನೇನು ಮಾಡೀತು?

ಅಜ್ಜಿಯ ಕೈಯಲ್ಲಿದ್ದ ಕಂಪ್ಯೂಟರ್ ಚೀಟಿಯಲ್ಲಿ ಎಡಗಣ್ಣಿಗೆ ಪ್ಲಸ್ ಒಂದೂವರೆ ಅಂತಿತ್ತು. ಮಕ್ಕಳ ಕಣ್ಣು ಒಳಗೊಳಗೇ ಫೋಕಸ್ ಹೊಂದಿಸಿಕೊಂಡು ಪ್ಲಸ್ ನಂಬರನ್ನು ಮುಚ್ಚಿಡುತ್ತದೆ. ಡಾಕ್ಟರ ಸೂಚನೆಯಂತೆ ಆ ಫೋಕಸ್ ಸಡಿಲಿಸುವ ಡ್ರಾಪ್ಸ್ ಹಾಕಿ, ಪಾಪೆ ಹಿಗ್ಗಿದ ಮೇಲೆ ರೆಟಿನೋಸ್ಕೋಪ್ ಹಿಡಿದೆ, ಅಂದರೆ ಕಣ್ಣಿಗೆ ಬೆಳಕು ಬಿಟ್ಟು ನಂಬರ್ ಅಳೆಯುವ ಕೈ ಉಪಕರಣ. ಮಗು ಬಾಯಿ ಬಿಡಬೇಕಾಗಿಲ್ಲ. ಕಣ್ಣೊಳಗಿನ ಕೆಂಪು ಹೊಳಪು ನನ್ನ ಬೆಳಕಿನ ಜೊತೆಗೇ ಸರಿಯುತ್ತಿತ್ತು. ಒಂದೊಂದೇ ಲೆನ್ಸ್ ಏರಿಸುತ್ತಾ ಹೋದೆ. ಅದರ ಓಡಾಟ ನಿಂತಾಗ, ನಾನು ಕೂತ ದೂರದ ಲೆಕ್ಕ ಕಳೆದು, ಪ್ಲಸ್ 5. ಬಲಗಣ್ಣಿಗೆ ಹೆಚ್ಚುಕಮ್ಮಿ ನಂಬರೇ ಇಲ್ಲ.

ಆಂಬ್ಲಿಯೋಪಿಯಾ, ಅಂದರೆ ಸೋಮಾರಿ ಕಣ್ಣು. ಮಸುಕು ಚಿತ್ರ ಕಳಿಸುವ ಕಣ್ಣನ್ನು ಮೆದುಳು ದೂರ ಇಟ್ಟುಬಿಡುತ್ತದೆ. ಇಡೀ ದಿನ ಕನ್ನಡಕ ಹಾಕಬೇಕು, ಅಗತ್ಯ ಬಿದ್ದರೆ ಒಳ್ಳೆಯ ಕಣ್ಣನ್ನು ಮುಚ್ಚಿ ಸೋಮಾರಿ ಕಣ್ಣಿಗೆ ಕೆಲಸ ಕೊಡಲು ದಿನಕ್ಕೆ ಕೆಲವು ಗಂಟೆ ಪ್ಯಾಚ್. ಆರು ವರ್ಷಕ್ಕೆ ಸಿಕ್ಕಿದ್ದು ಪುಣ್ಯ, ಹದಿನಾರಕ್ಕೆ ಸಿಕ್ಕಿದ್ದರೆ ಬಹಳ ಕಷ್ಟವಾಗುತ್ತಿತ್ತು.

ಅವತ್ತಿನಿಂದ ಆ ಅಪ್ಪನ ಪ್ರಶ್ನೆ, ಈ ಹುಡುಗನ ಕೈ, ಎರಡೂ ಒಟ್ಟಿಗೇ ನೆನಪಾಗುತ್ತಿವೆ. 2021ರಲ್ಲಿ ಸಂಸತ್ತು ಆರೋಗ್ಯ ಸಂಬಂಧಿ ವೃತ್ತಿಗಳಿಗೆ ಕಾಯ್ದೆ ತಂದಾಗ ನಮ್ಮನ್ನೂ ಪಟ್ಟಿಗೆ ಸೇರಿಸಿತು. ಆದರೂ ನಮ್ಮ ಜಿಲ್ಲೆಯ ಹೆಚ್ಚಿನವರಿಗೆ ನಾವು ಅಂಗಡಿಯವರೇ. ನನಗೆ ಇದು ನಿಜವಾಗಿ ನೋವಿನ ವಿಷಯ, ಯಾಕೆಂದರೆ ಹಾಗೆಂದುಕೊಂಡವರು ಮಕ್ಕಳನ್ನು ತೋರಿಸಲು ತಡ ಮಾಡುತ್ತಾರೆ.

ಓದಬೇಕು ಅನ್ನುವವರಿಗೆ ಒಂದು ಮಾತು: ಕಾಲೇಜಿನ ಕಟ್ಟಡ ನೋಡಿ ಸೇರಬೇಡಿ. ನಾಲ್ಕರಲ್ಲಿ ಒಂದು ವರ್ಷ ಇಂಟರ್ನ್‌ಶಿಪ್. ಅದು ಯಾವ ಆಸ್ಪತ್ರೆಯಲ್ಲಿ, ಮಕ್ಕಳ ಓಪಿಡಿ ಇದೆಯಾ, ರೆಟಿನೋಸ್ಕೋಪ್ ನಿಮ್ಮ ಕೈಗೆ ಕೊಡುತ್ತಾರಾ ಅಂತ ಸೀನಿಯರ್‌ಗಳನ್ನು ಕೇಳಿ, ಆಮೇಲೆ ಫೀಸು ಕಟ್ಟಿ.