ಅಜ್ಜಿ ಮರೆತಿದ್ದು, ಅಜ್ಜಿ ಮರೀದೇ ಇದ್ದಿದ್ದು

ಅಜ್ಜಿ ಹೋಗಿ ಮೂರು ವರ್ಷ ಆಯ್ತು, ಆದ್ರೂ ಒಂದು ಮಧ್ಯಾಹ್ನ ಮಾತ್ರ ನನ್ನ ತಲೆಯಿಂದ ಹೋಗ್ತಾನೇ ಇಲ್ಲ. ಆಗ ಅವಳಿಗೆ ಆಲ್ಝೈಮರ್ಸ್ ಅಂತ ಡಾಕ್ಟರ್ ಹೇಳಿ ಎರಡು ವರ್ಷ ಆಗಿತ್ತು, "ಯಾರ ಮಗಳಮ್ಮ ನೀನು" ಅಂತ ನನ್ನನ್ನೇ ಕೇಳೋ ಹಂತಕ್ಕೆ ಬಂದಿದ್ಲು. ಆ ದಿನ ಬೆಳಗ್ಗೆಯಿಂದ "ಅವ್ರು ಎಷ್ಟೊತ್ತಿಗೆ ಬರ್ತಾರೆ" ಅಂತ ಕೇಳಿದ್ದನ್ನೇ ಕೇಳ್ತಿದ್ಲು. ಅವ್ರು ಅಂದ್ರೆ ತಾತ, ತಾತ ತೀರ್ಕೊಂಡು ಆಗ್ಲೇ ಎಷ್ಟೋ ವರ್ಷ. ನಂಗೆ ರಾತ್ರಿಯೆಲ್ಲ ನಿದ್ದೆ ಇರ್ಲಿಲ್ಲ, ಲ್ಯಾಪ್‌ಟಾಪ್ ಮುಂದೆ ಕೂತು ಕೆಲಸ ಮುಗಿಸ್ಬೇಕಿತ್ತು, ಹತ್ತನೇ ಸಲವೋ ಹನ್ನೆರಡನೇ ಸಲವೋ ಕೇಳ್ದಾಗ ಕಿರುಚಿಬಿಟ್ಟೆ. "ಸುಮ್ನೆ ಕೂತ್ಕೋ ಅಜ್ಜಿ, ಎಷ್ಟ್ ಸಲ ಹೇಳೋದು ನಿಂಗೆ!"

ಅವಳು ಗಪ್ ಆದ್ಲು.

ಸ್ವಲ್ಪ ಹೊತ್ತಾದ್ಮೇಲೆ ನಂಗೇ ಮನಸ್ಸು ತಡೀದೆ ಹತ್ರ ಹೋದೆ. ನಾನು ಕಿರುಚಿದ್ದು ಅವಳಿಗೆ ನೆನಪಿರ್ಲಿಲ್ಲ, ಒಂಚೂರೂ ಇರ್ಲಿಲ್ಲ. ಆದ್ರೆ ಕಣ್ಣು ತುಂಬಿತ್ತು. "ಯಾಕಜ್ಜಿ?" ಅಂದೆ. "ಗೊತ್ತಿಲ್ಲಮ್ಮ, ಯಾಕೋ ಎದೆಯೆಲ್ಲ ಭಾರ ಆಗಿದೆ, ಯಾರೋ ಏನೋ ಅಂದಂಗೆ" ಅಂದ್ಲು.

ಬಂದು ಹೋಗೋರೆಲ್ಲ ನಮ್ಗೆ ಸಮಾಧಾನ ಹೇಳ್ತಾ ಇದ್ದಿದ್ದು ಒಂದೇ ಮಾತು, "ಅವ್ರಿಗೇನು, ಐದು ನಿಮಿಷಕ್ಕೆ ಮರ್ತೋಗತ್ತೆ ಬಿಡಿ." ನಾನೂ ಹಾಗೇ ನಂಬಿದ್ದೆ. ಆ ಮಧ್ಯಾಹ್ನ ಆದ್ಮೇಲೆ ಇದೇನು ಅಂತ ಓದೋಕೆ ಶುರು ಮಾಡ್ದೆ, ಓದ್ತಾ ಓದ್ತಾ ಗೊತ್ತಾಗಿದ್ದು ಏನಂದ್ರೆ, ನೆನಪು ಹೋದ್ರೆ ಅದ್ರ ಜೊತೆ ನೋವೂ ಹೋಗತ್ತೆ ಅನ್ನೋದು ಸುಳ್ಳು.

ಎರಡೂ ಕಿವಿಯ ನೇರಕ್ಕೆ ಮಿದುಳಿನ ಒಳಗಡೆ ಒಂದೊಂದು ಹಿಪ್ಪೊಕ್ಯಾಂಪಸ್ ಇರತ್ತೆ, ಸಮುದ್ರಕುದುರೆ ಥರ ಕಾಣತ್ತೆ ಅಂತಾನೇ ಆ ಹೆಸರು. ಇವತ್ತು ಏನಾಯ್ತು, ಯಾರು ಬಂದ್ರು, ಏನು ಹೇಳಿದ್ರು ಅನ್ನೋದೆಲ್ಲ ನೆನಪಾಗಿ ಉಳೀಬೇಕಾದ್ರೆ ಇದು ಬೇಕೇ ಬೇಕು, ಆಲ್ಝೈಮರ್ಸ್ ಸಾಮಾನ್ಯವಾಗಿ ಮೊದಲು ಕೈ ಹಾಕೋದೂ ಇಲ್ಲಿಗೆ ಮತ್ತೆ ಇದರ ಅಕ್ಕಪಕ್ಕದ ಭಾಗಕ್ಕೆ. ಅದಕ್ಕೇ ಬೆಳಗ್ಗೆ ನಡೆದಿದ್ದು ಮಧ್ಯಾಹ್ನಕ್ಕೆ ಇರಲ್ಲ, ಐವತ್ತು ವರ್ಷದ ಹಿಂದಿಂದು ಮಾತ್ರ ಬಹಳ ಕಾಲ ಗಟ್ಟಿಯಾಗಿರತ್ತೆ, ಯಾಕಂದ್ರೆ ಹಳೇ ನೆನಪುಗಳು ಅಷ್ಟೊತ್ತಿಗೆ ಮಿದುಳಿನ ಹೊರಪದರದಲ್ಲಿ ಹರಡಿಕೊಂಡು ಬೇರೂರಿಬಿಟ್ಟಿರ್ತಾವೆ. ಹಿಪ್ಪೊಕ್ಯಾಂಪಸ್‌ನ ಮುಂದೇನೇ ಬಾದಾಮಿ ಆಕಾರದ ಅಮಿಗ್ಡಲಾ ಇದೆ. ಭಯ, ಬೆದರಿಕೆ, ಇದು ನಂಗೆ ಒಳ್ಳೇದಾ ಕೆಟ್ಟದ್ದಾ ಅನ್ನೋ ಲೆಕ್ಕಾಚಾರದಲ್ಲಿ ಅದರ ಪಾತ್ರ ದೊಡ್ಡದು. ಭಾವನೆ ಪೂರ್ತಿ ಅದೊಂದರಲ್ಲೇ ಹುಟ್ಟತ್ತೆ ಅಂತಲ್ಲ, ಮಿದುಳಿನ ಬೇರೆ ಭಾಗಗಳು, ರಕ್ತದಲ್ಲಿ ಓಡಾಡೋ ಹಾರ್ಮೋನು, ಎದೆಬಡಿತ, ಉಸಿರು, ಎಲ್ಲ ಸೇರಿ ಆಗೋದು. ಹಾಗಾಗಿ ಯಾರೋ ಬೈದ್ರು ಅನ್ನೋ ಸಂಗತಿ ಅಳಿಸಿ ಹೋದ್ರೂ ಮೈಯಲ್ಲಿ ಎದ್ದ ಅಲೆ ಅಲ್ಲೇ ಇರತ್ತೆ.

ಇದನ್ನ ಮೊದಮೊದ್ಲು ಗುರುತಿಸಿದವರಲ್ಲಿ ಎದುವಾರ್ ಕ್ಲಾಪರೆಡ್ ಅನ್ನೋ ಜಿನೀವಾದ ಡಾಕ್ಟರ್ ಒಬ್ಬರು. ಅವರ ಹತ್ರ ಒಬ್ಬ ಹೆಂಗಸು ಇದ್ರು, ಹೊಸದೇನೂ ನೆನಪಲ್ಲಿ ನಿಲ್ತಿರ್ಲಿಲ್ಲ, ಡಾಕ್ಟರನ್ನ ಪ್ರತಿ ಸಲ ಹೊಸಬರ ಥರಾನೇ ನೋಡೋರು. ಒಂದಿನ ಕ್ಲಾಪರೆಡ್ ತಮ್ಮ ಬೆರಳ ಸಂದೀಲಿ ಗುಂಡುಸೂಜಿ ಬಚ್ಚಿಟ್ಕೊಂಡು ಕೈ ಕುಲುಕಿದ್ರು, ಚುಚ್ಚಿತು. ಆ ನೋವನ್ನ ಆಕೆ ಬೇಗನೇ ಮರೆತ್ರು, ಆದ್ರೆ ಡಾಕ್ಟರ್ ಮತ್ತೆ ಕೈ ಹತ್ರ ತಂದಾಗ ತಮ್ಮ ಕೈ ಹಿಂದಕ್ಕೆ ಎಳ್ಕೊಂಡ್ರು. ಯಾಕೆ ಅಂದ್ರೆ ಕಾರಣ ಗೊತ್ತಿಲ್ಲ. ಇದು 1911ರಲ್ಲಿ ಪ್ರಕಟ ಆಗಿದ್ದು. (ಆಕೆಗೆ ಸೂಜಿ ಚುಚ್ಚಿದ್ದು ನನಗೆ ಸರಿ ಅನ್ಸಲ್ಲ, ಇವತ್ತಾಗಿದ್ರೆ ಯಾರೂ ಒಪ್ತಿರ್ಲಿಲ್ಲ.)

ಆಮೇಲೆ ಹೆನ್ರಿ ಮೊಲೈಸನ್ ಅನ್ನೋ ಅಮೆರಿಕದ ರೋಗಿಯ ಕಥೆ. ಫಿಟ್ಸ್ ನಿಲ್ಲಿಸೋಕೆ ಅಂತ 1953ರಲ್ಲಿ, 27ನೇ ವಯಸ್ಸಲ್ಲಿ, ಎರಡೂ ಕಡೆಯ ಹಿಪ್ಪೊಕ್ಯಾಂಪಸ್‌ನ ಬಹುಭಾಗ ತೆಗೆದುಬಿಟ್ರು. ಫಿಟ್ಸ್ ತುಂಬಾ ಕಮ್ಮಿ ಆಯ್ತು, ಆದ್ರೆ 2008ರಲ್ಲಿ ಸಾಯೋವರೆಗೂ ಆತನಿಗೆ ಹೊಸ ನೆನಪು ನಿಲ್ಲಲೇ ಇಲ್ಲ. ಬ್ರೆಂಡಾ ಮಿಲ್ನರ್ ಅನ್ನೋ ವಿಜ್ಞಾನಿ ಆತನಿಗೆ ಕನ್ನಡಿಯಲ್ಲಿ ಮಾತ್ರ ನೋಡ್ಕೊಂಡು ನಕ್ಷತ್ರದ ಗೆರೆ ತಿದ್ದೋ ಕೆಲಸ ಕೊಟ್ರು, ದಿನ ಕಳೆದಂಗೆ ಕೈ ಪಳಗಿತು, ಆದ್ರೆ ಹಿಂದಿನ ದಿನ ಇದನ್ನ ಮಾಡಿದ್ದೆ ಅನ್ನೋದೇ ಆತನಿಗೆ ಗೊತ್ತಿಲ್ಲ. ಅಂದ್ರೆ ಕೈಗೆ ಗೊತ್ತಿರೋದು ಮನುಷ್ಯನಿಗೆ ಗೊತ್ತಿಲ್ಲ!

ನನ್ನನ್ನ ಹಿಡಿದು ಅಲ್ಲಾಡಿಸಿದ್ದು ಇವೆರಡೂ ಅಲ್ಲ. ಅಮೆರಿಕದ ಅಯೋವಾ ಯೂನಿವರ್ಸಿಟಿಯವರು 2014ರಲ್ಲಿ ಆಲ್ಝೈಮರ್ಸ್ ಇರೋ 17 ಜನರಿಗೆ ದುಃಖದ ಸಿನಿಮಾ ತುಣುಕುಗಳನ್ನ ತೋರಿಸಿದ್ರು, ಆಮೇಲೆ ಖುಷಿಯ ತುಣುಕುಗಳನ್ನ. ಸ್ವಲ್ಪ ಹೊತ್ತಿಗೆ ಏನು ನೋಡಿದ್ವಿ ಅನ್ನೋದು ಹೆಚ್ಚುಕಮ್ಮಿ ಹೋಗಿತ್ತು, ಮನಸ್ಸಿನ ಭಾವ ಮಾತ್ರ ಹಾಗೇ ಉಳಿದಿತ್ತು. ಅದರಲ್ಲೂ ದುಃಖದ ವಿಷಯದಲ್ಲಿ, ಯಾರಿಗೆ ಕಮ್ಮಿ ನೆನಪಿತ್ತೋ ಅವರಿಗೇ ದುಃಖ ಇನ್ನೂ ಜಾಸ್ತಿ ಹೊತ್ತು ಇತ್ತಂತೆ. ಇದನ್ನ ಓದಿದಾಗ ರಾತ್ರಿ ಒಂದು ಗಂಟೆ, ಫೋನ್ ಪಕ್ಕಕ್ಕಿಟ್ಟು ಸುಮ್ನೆ ಕೂತ್ಬಿಟ್ಟೆ. ಯೋಚ್ನೆ ಮಾಡಿ, ನಮ್ಗೆ ಬೇಜಾರಾದ್ರೆ ಇಂಥದ್ದಕ್ಕೆ ಆಯ್ತು ಅಂತ ಗೊತ್ತಿರತ್ತೆ, ಅವ್ರು ಹಾಗಂದ್ರು, ಏನೋ ಟೆನ್ಷನ್ ಇತ್ತು ಪಾಪ, ಹೋಗ್ಲಿ ಅಂತ ನಮಗೆ ನಾವೇ ಹೇಳ್ಕೊಂಡು ಇಳಿಸ್ಕೋತೀವಿ. ಅಜ್ಜಿಗೆ ಹೇಳ್ಕೊಳೋಕೆ ಕಥೇನೇ ಇಲ್ಲ, ಬರೀ ಭಾರ.

ಭಾವನೆ ಗಟ್ಟಿಯಾಗಿದ್ದು ವಿವರ ಸಡಿಲ ಆಗೋದು ಬರೀ ಕಾಯಿಲೆಯವರಿಗೆ ಅಂತಾನೂ ಅಲ್ಲ. 1986ರಲ್ಲಿ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಆಕಾಶದಲ್ಲಿ ಸಿಡಿದಾಗ ಸುದ್ದಿ ಎಲ್ಲಿ ಕೇಳಿದ್ರಿ, ಯಾರ ಜೊತೆ ಇದ್ರಿ ಅಂತ ಮಾರನೇ ದಿನಾನೇ ಸಂಶೋಧಕರು ಸ್ಟೂಡೆಂಟ್ಸ್ ಹತ್ರ ಬರೆಸಿಟ್ಕೊಂಡು, ಸುಮಾರು ಎರಡೂವರೆ ವರ್ಷ ಆದ್ಮೇಲೆ ಅದೇ ಪ್ರಶ್ನೆ ಮತ್ತೆ ಕೇಳಿದ್ರು. ಎಷ್ಟೋ ಜನ ಪೂರ್ತಿ ಬೇರೆ ಕಥೆ ಹೇಳಿದ್ರು, ಅದೂ ತುಂಬಾ ನಂಬಿಕೆಯಿಂದ. ನಮ್ಮಕ್ಕ ಆ ಮಧ್ಯಾಹ್ನ ತಾನೂ ಅದೇ ರೂಮಲ್ಲಿದ್ದೆ, ನೀನು ಕಿರುಚಿದ್ದು ಕೇಳ್ದೆ ಅಂತಾಳೆ. ನನ್ನ ನೆನಪಲ್ಲಿ ನಾನೂ ಅಜ್ಜಿ ಇಬ್ರೇ. ಯಾರದು ಸರಿ ಅಂತ ಈಗ ಹೇಳೋರು ಯಾರೂ ಇಲ್ಲ, ಆದ್ರೆ ಆ ಮಾತು ಎತ್ತಿದ್ರೆ ಇಬ್ರಿಗೂ ಹೊಟ್ಟೆಯೊಳಗೆ ಅದೇ ಸಂಕಟ.

ಅದಾದ್ಮೇಲೆ ನಾನು ಅವಳನ್ನ ತಿದ್ದೋದು ಬಿಟ್ಟೆ. ಅವ್ರು ಎಷ್ಟೊತ್ತಿಗೆ ಬರ್ತಾರೆ ಅಂದ್ರೆ "ತಾತನ್ನ ಮೊದಲನೇ ಸಲ ಎಲ್ಲಿ ನೋಡಿದ್ದೆ ಅಜ್ಜಿ, ಹೇಳು" ಅಂತಿದ್ದೆ, ಅವಳು ಹೇಳ್ತಿದ್ಲು, ಪ್ರತಿ ಸಲ ಹೊಸದಾಗಿ, ಮುಖ ಅರಳಿಸ್ಕೊಂಡು. ಹತ್ತು ನಿಮಿಷಕ್ಕೆ ಮಾತಾಡಿದ್ದೆಲ್ಲ ಮರ್ತೋಗ್ತಿತ್ತು, ಮುಖದ ಮೇಲಿನ ಆ ಕಳೆ ಮಾತ್ರ ಇನ್ನೂ ಸ್ವಲ್ಪ ಹೊತ್ತು ಇರೋದು. ಎಲ್ಲಾ ದಿನ ಹಾಗೇ ಆಯ್ತು ಅಂತ ಹೇಳಲ್ಲ, ಅವಳು ರೇಗಾಡಿದ ದಿನಗಳೂ ಇದ್ವು, ನಾನು ಸೋತು ಬಾಗಿಲಾಚೆ ನಿಂತು ಅತ್ತಿದ್ದೂ ಇದೆ.

ಕೊನೇ ತಿಂಗಳುಗಳಲ್ಲಿ ನನ್ನ ಹೆಸರು ಅವಳ ಬಾಯಲ್ಲಿ ಬರೋದು ಪೂರ್ತಿ ನಿಂತೋಯ್ತು. ನಾನು ರೂಮಿಗೆ ಹೋದ್ರೆ ತಲೆ ಎತ್ತಿ ನೋಡೋಳು, "ಯಾರ ಮಗಳಮ್ಮ ನೀನು" ಅಂತ ಕೇಳೋಳು, ಕೇಳ್ತಾ ಕೇಳ್ತಾನೇ ಮಂಚದ ಮೇಲೆ ಗೋಡೆ ಕಡೆ ಸರಿದು ನಂಗೆ ಕೂರೋಕೆ ಜಾಗ ಮಾಡ್ಕೊಡೋಳು.